ಪಠ್ಯದಿಂದ ಹೊರಬಿದ್ದ ಡಾರ್ವಿನ್, ಮೆಡಿಕಲ್ ಶಾಪಿನಲ್ಲಿ ಭದ್ರ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯದಿಂದ ಜೀವವಿಕಾಸವನ್ನು ಕಳಚಿ ಬರಿಯ ಅನುವಂಶೀಯತೆಯನ್ನು ಉಳಿಸಿಕೊಂಡ ಎನ್‌ಸಿಇಆರ್‌ಟಿಯ ಕ್ರಮವನ್ನು ವಿರೋಧಿಸಿ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಅವರು ದುಡುಕಿದರೆಂದೇ ನನ್ನ ಅಭಿಪ್ರಾಯ. ಕೊರೋನಾದಿಂದ ಬಳಲಿದ ಮಕ್ಕಳ ಹೊರೆ ಇಳಿಸಲು ಪಠ್ಯವನ್ನು ಹಗುರಗೊಳಿಸಲಾಯಿತೆಂಬ ವಿವರಣೆಯೊಳಗಿನ ವಿವೇಕ ಅವರ ಗಮನಕ್ಕೆ ಬರಲಿಲ್ಲ. ಆಲ್ಫಾ, ಡೆಲ್ಟಾ, ಓಮಿಕ್ರಾನ್ ಎಂದು ರೂಪ ಬದಲಿಸುತ್ತ ಬಂದ ವೈರಸ್ಸು, ಅರಳಿಕಟ್ಟೆಯ ಅಜ್ಜಂದಿರನ್ನೂ ಬಿಡದೆ ಇಡೀ ದೇಶಕ್ಕೆ ಗ್ರೀಕ್ ಅಕ್ಷರಮಾಲೆಯನ್ನು ಕಂಠಪಾಠ ಮಾಡಿಸಿದ ಮೇಲೆ, ಅದೇ ವಿಷಯವನ್ನು ಮಕ್ಕಳು ಪುಸ್ತಕದಲ್ಲಿ ಮತ್ತೊಮ್ಮೆ ಓದುವುದು ಪುನರುಕ್ತಿಯಲ್ಲವೇ? ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಆಯ್ದುಕೊಂಡವರಿಗೆ ಆ ಪಾಠ ಇದ್ದೇ ಇದೆ. ಮಿಕ್ಕವರು ರೋಗಿಗಳಾಗಿದ್ದರೆ ಸಾಕು.

ಮಂಗ ಮನುಷ್ಯನಾದುದನ್ನು ಕಂಡೆವೆಂದು ನಮ್ಮ ಪೂರ್ವಿಕರಾರೂ ಹೇಳಿಲ್ಲ, ಬರೆದೂ ಇಲ್ಲ ಎಂದು 2018ರ ಜನವರಿಯಲ್ಲಿ ಅಂದಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಆಕ್ಷೇಪಿಸಿದ್ದರು. ವಿಕಾಸವನ್ನು ಕಣ್ಣಾರೆ ಕಾಣಬಯಸುವವರು ಮಂಗನನ್ನು ಕಾಯುತ್ತ ಕೂರಬೇಕಾಗಿಲ್ಲ. ಅನುಕೂಲ ಒದಗಿದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ, ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಹನ್ನೆರಡು ತಲೆಮಾರು ಕಂಡಿರುತ್ತದೆ. ಅದರ ವಿಕಾಸಕ್ಕೆ ಬೇಕಾದ ಪ್ರಯೋಗಶಾಲೆಗಳು ನಮ್ಮಲ್ಲಿ ಬೀದಿಗೊಂದರಂತೆ ಇವೆ.

“ಅಣ್ಣಾ, ಗಂಟಲು ನೋವು. ಏನಾದ್ರೂ ಸ್ಟ್ರಾಂಗಾಗಿರೋದು ಕೊಡಿ.”

“ಅಜಿತ್ರೋ ತಗೊಳ್ಳಿ ಸಾರ್. ಪೂರ್ತಿ ಬೇಡ ಅಂದ್ರೆ ಎರಡೇ ಕೊಡ್ತೀನಿ.”

ವೈದ್ಯರ ಚೀಟಿಯನ್ನು ಯಾರೂ ಕೇಳುವುದಿಲ್ಲ. ಸ್ಟ್ರಿಪ್ಪಿನ ಬೆನ್ನಿನ ಮೇಲೆ ಎಚ್ಚರಿಕೆಗೆಂದು ಎಳೆದಿರುವ ಕೆಂಪು ಗೆರೆಯನ್ನೂ ಸೇರಿಸಿ ಕತ್ತರಿ ಆಡುತ್ತದೆ. ಗಂಟಲು ನೋವಿಗೆ ಹೆಚ್ಚಿನ ಸಂದರ್ಭಗಳಲ್ಲಿ ವೈರಸ್ ಕಾರಣವಾದ್ದರಿಂದ, ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲಬಲ್ಲ ಈ ಆಂಟಿಬಯೋಟಿಕ್ ಮಾತ್ರೆಗೆ ಅಲ್ಲಿ ಮಾಡಲು ಕೆಲಸವಿರುವುದಿಲ್ಲ. ಆದರೆ ನುಂಗಿದ ಮಾತ್ರೆ ಸುಮ್ಮನಿರುವುದೂ ಇಲ್ಲ. ಯಾರ ತಂಟೆಗೂ ಹೋಗದೆ ಕರುಳಿನಲ್ಲಿ ಸಂಸಾರ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳ ಪೈಕಿ ಔಷಧಕ್ಕೆ ಮಣಿಯುವವನ್ನೆಲ್ಲ ಅದು ಕೊಂದು, ಆಕಸ್ಮಿಕ ರೂಪಾಂತರದಿಂದಲೋ ಎರವಲು ಪಡೆದ ಜೀನಿನಿಂದಲೋ ಮಣಿಯದೆ ಉಳಿದ ಒಂದೆರಡಕ್ಕೆ ಖಾಲಿಯಾದ ಜಾಗವನ್ನೆಲ್ಲ ಬಿಟ್ಟುಕೊಡುತ್ತದೆ. ಡಾರ್ವಿನ್ ನಿಸರ್ಗದ ಆಯ್ಕೆ ಎಂದದ್ದು ಇದನ್ನೇ, ಆದರೆ ಅವನಿಗೆ ಇದನ್ನು ಬಿಲ್ಲಿಲ್ಲದೆ ನಡೆಸುವ ಉಪಾಯ ಹೊಳೆದಿರಲಿಲ್ಲ.

ಈ ಸಾಧನೆಗೆ ಅಂತರರಾಷ್ಟ್ರೀಯ ಮನ್ನಣೆಯೂ ದೊರೆತಿದೆ. ನವದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ಭಾರತ ಮೂಲದ ರೋಗಿಯೊಬ್ಬರಲ್ಲಿ, ಕಾರ್ಬಪೆನೆಮ್‌ನಂತಹ ಪ್ರಬಲ ಔಷಧವನ್ನೂ ಒಡೆದುಹಾಕುವ ಕಿಣ್ವವೊಂದು 2008ರಲ್ಲಿ ಪತ್ತೆಯಾಯಿತು. ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೆ ನಿಸ್ಸಂಕೋಚವಾಗಿ ದಾಟಬಲ್ಲ ಅದರ ಜೀನಿಗೆ ನವದೆಹಲಿಯ ಹೆಸರನ್ನು ಸೇರಿಸಿ ‘ಎನ್‌ಡಿಎಂ-1’ ಎಂದು ಕರೆದರು. 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳ ಮೂಲಕ ಸುದ್ದಿ ಹರಡಿದಾಗ ದೇಶ ಕೆರಳಿದ್ದು ಜೀನಿನ ಮೇಲಲ್ಲ, ಹೆಸರಿನ ಮೇಲೆ. (ಬೆಂಗಳೂರಿನ ಹೆಸರಿಟ್ಟಿದ್ದರೆ ನಾವೂ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುತ್ತಿದ್ದೆವು.) 2011ರ ಜನವರಿಯಲ್ಲಿ ಲ್ಯಾನ್ಸೆಟ್ ಸಂಪಾದಕರು ಹೆಸರಿನ ಬಗ್ಗೆ ವಿಷಾದ ವ್ಯಕ್ತಪಡಿಸಿದರು, ರಾಷ್ಟ್ರದ ಮಾನ ಉಳಿಯಿತು. ಅದೇ ವರ್ಷ ಏಪ್ರಿಲಿನಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿಯೂ ನಲ್ಲಿ ನೀರಿನ 50ರ ಪೈಕಿ ಎರಡರಲ್ಲಿಯೂ ಅದೇ ಜೀನು ಸಿಕ್ಕಿತೆಂದು ಪ್ರಕಟವಾಯಿತು. ಜೀನು ಯಾರಲ್ಲಿಯೂ ಕ್ಷಮೆ ಕೇಳಿರಲಿಲ್ಲ.

ಪೆನ್ಸಿಲಿನ್ನನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಕಾಲ ಬರಬಹುದು, ಅರಿಯದವನು ಅದನ್ನು ಸಾಲದಷ್ಟೇ ತೆಗೆದುಕೊಂಡು ಸೂಕ್ಷ್ಮಾಣುಗಳನ್ನು ಔಷಧಕ್ಕೆ ಮಣಿಯದಂತೆ ಪಳಗಿಸಿಬಿಡಬಹುದು ಎಂದು, ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. ನಾವು ಅದನ್ನು ವ್ಯಾಪಾರದ ಮುನ್ನೋಟವೆಂದು ಓದಿಕೊಂಡೆವು. ಸರ್ಕಾರ ಕೈಕಟ್ಟಿ ಕೂತಿದೆ ಎನ್ನುವಂತಿಲ್ಲ. 2014ರಿಂದ ಜಾರಿಯಲ್ಲಿರುವ ‘ಶೆಡ್ಯೂಲ್ ಎಚ್1’ ನಿಯಮದಂತೆ, ಪಟ್ಟಿಯಲ್ಲಿರುವ ಆಂಟಿಬಯೋಟಿಕ್ ಕೊಂಡವರ ಮತ್ತು ಬರೆದುಕೊಟ್ಟ ವೈದ್ಯರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ವೈದ್ಯರೇ ಇಲ್ಲದ ವ್ಯವಹಾರದಲ್ಲಿ ಆ ಅಂಕಣ ಶುಭ್ರವಾಗಿಯೇ ಇರುತ್ತದೆ.

ಹೀಗೆ ಪಳಗಿದ ಸೂಕ್ಷ್ಮಾಣು ಎಂದಾದರೊಂದು ದಿನ ಐಸಿಯುವಿನಲ್ಲಿರುವ ಯಾರದೋ ತಂದೆಯ ರಕ್ತ ಸೇರುತ್ತದೆ. ಕಲ್ಚರ್ ವರದಿಯಲ್ಲಿ ಒಂದೊಂದು ಔಷಧದ ಹೆಸರಿನ ಮುಂದೆಯೂ ‘ಆರ್’ ಎಂಬ ಅಕ್ಷರ, ಎಂದರೆ ಈ ಔಷಧ ನಾಟದು ಎಂಬ ಷರಾ, ಸಾಲುಗಟ್ಟಿ ನಿಂತಿರುತ್ತದೆ. ಮಗ ಅಲ್ಲಿಯೂ, “ಇದಕ್ಕಿಂತ ಸ್ಟ್ರಾಂಗಾಗಿರೋದು ಇಲ್ವಾ ಡಾಕ್ಟ್ರೇ?” ಎಂದೇ ಕೇಳುತ್ತಾನೆ. ಇದೆ. ಮೂತ್ರಪಿಂಡಕ್ಕೆ ಅಪಾಯವೆಂದು ಗೊತ್ತಿದ್ದೂ, ಬೇರೆ ದಾರಿಯಿಲ್ಲದಾಗ ವೈದ್ಯರು ಬರೆಯುವ ಕೊಲಿಸ್ಟಿನ್ ಇದೆ. 2019ರ ಜುಲೈಯಲ್ಲಿ ಸರ್ಕಾರ ನಿಷೇಧಿಸುವವರೆಗೂ ಅದನ್ನು ನಮ್ಮ ಫಾರಂ ಕೋಳಿಗಳಿಗೆ, ಕಾಯಿಲೆ ಏನೂ ಇಲ್ಲದಿದ್ದರೂ, ಬೇಗ ತೂಕ ಬರಲಿ ಎಂದು ಮೇವಿನಲ್ಲಿ ಕಲಸಿ ತಿನ್ನಿಸಲಾಗುತ್ತಿತ್ತು.