ಗುಂಡಿಗೂ ಕುಂಕುಮ

ನಮ್ಮದು ಜಯನಗರದಲ್ಲಿ ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರ್. ರಿಪೋರ್ಟ್ ಅರ್ಧ ಗಂಟೆ ತಡವಾಯಿತು ಅಂತ ಒಬ್ಬರು ರಿಸೆಪ್ಷನ್ ಟೇಬಲ್ ಗುದ್ದಿದರು, ಮೇಲಿನ ಗಾಜು ಬಿರುಕು ಬಿಟ್ಟಿತು. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಬಾರದು ಅಂತ ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾನೂನಾಗಿದೆ. ಆ ಬೋರ್ಡು ಅವರ ಕಣ್ಣೆದುರೇ ಇತ್ತು. ಅದನ್ನು ಓದುವಷ್ಟು ತಾಳ್ಮೆ ಇದ್ದಿದ್ದರೆ ರಿಪೋರ್ಟಿಗೂ ಕಾಯುತ್ತಿದ್ದರು ಬಿಡಿ.

ಹಾಗಾಗಿ ಪ್ಯಾನಿಕ್ ಅಲಾರಂ ಬಂತು. ಹಾಕಿಸುವ ಕೆಲಸ, ಅಡ್ಮಿನ್ ಅನ್ನಿಸಿಕೊಂಡ ನನ್ನ ತಲೆಗೆ.

"ಗುಂಡಿ ಟೇಬಲ್ ಕೆಳಗಿರಬೇಕು ಸಾರ್, ಎದುರಿಗೆ ನಿಂತವರಿಗೆ ಕಾಣಬಾರದು. ಸೈರನ್ನೂ ಬೇಡ, ಸದ್ದು ಕೇಳಿದ್ರೆ ರೇಗಿದವರು ಇನ್ನೂ ರೇಗ್ತಾರೆ" ಅಂದ ಟೆಕ್ನಿಷಿಯನ್. ಒತ್ತಿದರೆ ಗುಂಡಿ ಒಳಗೇ ಕಚ್ಚಿಕೊಳ್ಳುತ್ತದೆ, ಕೀ ಹಾಕಿ ತಿರುಗಿಸಿದರೆ ಮಾತ್ರ ಬಿಡುತ್ತದೆ. ಅಲ್ಲಿವರೆಗೂ ಗೋಡೆ ಮೇಲಿನ ಪೆಟ್ಟಿಗೆಯ ಸಿಮ್ಮು ಡಾಕ್ಟರಿಗೆ, ನನಗೆ, ಮತ್ತೆ ಡಾಕ್ಟರಿಗೆ ಅಂತ ಸರದಿ ಪ್ರಕಾರ ಫೋನ್ ಮಾಡುತ್ತಲೇ ಇರುತ್ತದೆ. ಫೋನಲ್ಲಿ ಕೇಳುವ ಮಾತು ರೆಕಾರ್ಡ್ ಮಾಡಬೇಕಿತ್ತು. ನಾನೇ ಮುಂದೆ ಬಿದ್ದೆ. ಮೊದಲ ಸಲ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹಾಗೆ ಬಂತು. ಮೂರನೇ ಸಲ ನಿಜವಾಗಿಯೂ ನಡುಗಿ, "ರಿಸೆಪ್ಷನ್ನಲ್ಲಿ ಗಲಾಟೆ, ಬೇಗ ಬನ್ನಿ" ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು.

ಮೊದಲ ವಾರ ರಿಸೆಪ್ಷನ್ ಹುಡುಗಿಯ ಮಂಡಿ ತಗುಲಿ ಎರಡು ಸಲ ಫೋನ್ ಬಂತು. ಗುಂಡಿಯನ್ನು ಪಕ್ಕಕ್ಕೆ ಸರಿಸಿದೆವು.

ಆಮೇಲೆ ಆಯುಧ ಪೂಜೆ. ಸ್ಕ್ಯಾನಿಂಗ್ ಮಷೀನು, ಪ್ರಿಂಟರು, ಫ್ಯಾನಿನ ಸ್ವಿಚ್ಚು ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ನಮ್ಮ ಆಯಮ್ಮನಿಗೆ ಯಾವುದನ್ನೂ ಬಿಟ್ಟು ಅಭ್ಯಾಸವಿಲ್ಲ. ಟೇಬಲ್ ಕೆಳಗೆ ಬಗ್ಗಿ, ಗುಂಡಿಗೂ ಭಕ್ತಿಯಿಂದ ಒತ್ತಿ ಬೊಟ್ಟು ಇಟ್ಟರು.

ನಾನು ಆಗ ಬಾಗಿಲ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಿದ್ದೆ. ಜೇಬಲ್ಲಿ ಫೋನ್ ಹೊಡೆದುಕೊಂಡಿತು, ಕೈ ತುಂಬ ಕುಂಕುಮ, ಪರ್ಸನಲ್ ಲೋನಿನವರೇ ಇರಬೇಕು ಅಂತ ಬಿಟ್ಟೆ. ಡಾಕ್ಟರ್ ಮನೆಯಲ್ಲಿದ್ದರು, ಎತ್ತಿದರು. ಹೊಸ ಸಿಮ್ಮಿನ ನಂಬರ್ ಅವರು ಸೇವ್ ಮಾಡಿಕೊಂಡಿರಲಿಲ್ಲ, ಆದರೆ ದನಿ ನನ್ನದು.

"ಏನಾಯ್ತಪ್ಪಾ? ಯಾರು ಗಲಾಟೆ ಮಾಡ್ತಿರೋದು?"

"ರಿಸೆಪ್ಷನ್ನಲ್ಲಿ ಗಲಾಟೆ, ಬೇಗ ಬನ್ನಿ."

"ಗಾಬರಿ ಆಗ್ಬೇಡ, ಎಷ್ಟು ಜನ ಇದಾರೆ?"

"ರಿಸೆಪ್ಷನ್ನಲ್ಲಿ ಗಲಾಟೆ, ಬೇಗ ಬನ್ನಿ."

ಕತ್ತಿಗೆ ಚಾಕು ಹಿಡಿದು ಯಾರೋ ಹೀಗೇ ಹೇಳಿಸುತ್ತಿದ್ದಾರೆ ಅಂತ ಅವರಿಗೆ ಖಾತ್ರಿಯಾಗಿ 112ಕ್ಕೆ ಫೋನ್ ಮಾಡಿಬಿಟ್ಟರು. ಸ್ವಲ್ಪ ಹೊತ್ತಿಗೆ ಪೊಲೀಸರ ಹೊಯ್ಸಳ ಗಾಡಿ ಬಂದು ನಿಂತಿತು. ಇಳಿದವರಿಗೆ ಮೊದಲು ಕಂಡಿದ್ದು ಮೊಣಕೈವರೆಗೂ ಕೆಂಪಾಗಿದ್ದ ನಾನು.

ವಿಷಯ ಗೊತ್ತಾದ ಮೇಲೆ ಅವರೇ ನಕ್ಕರು, ಪುಣ್ಯ. ಆದರೆ ಫೋನ್ ನಿಂತಿರಲಿಲ್ಲ. ಮೇನ್ ಆಫ್ ಮಾಡಿದೆ. ಪೆಟ್ಟಿಗೆಯೊಳಗೆ ಬ್ಯಾಟರಿ ಇದೆಯಲ್ಲ, ಕರೆಂಟ್ ಹೋದರೂ ನಡೆಯಲಿ ಅಂತ ಜಾಸ್ತಿ ದುಡ್ಡು ಕೊಟ್ಟು ಹಾಕಿಸಿದ್ದು ನಾನೇ. ಕೀ ಎಲ್ಲಿ ಅಂದರೆ, ಕೀಗೊಂಚಲಿನ ಸಮೇತ ದೇವರ ಮುಂದೆ, ಚೆಂಡು ಹೂವಿನ ಕೆಳಗೆ.

"ಪೂಜೆಗೆ ಇಟ್ಟಿದ್ದನ್ನ ನಾಳೆವರೆಗೂ ಮುಟ್ಟಂಗಿಲ್ಲ ಸಾರ್" ಅಂದರು ಆಯಮ್ಮ, ಅಡ್ಡ ನಿಂತು.

ಪೊಲೀಸರ ಮುಖ ನೋಡಿದೆ. ಅವರು ಕಡ್ಲೆಪುರಿ ತಿನ್ನುತ್ತಾ, "ಅಮ್ಮ ಹೇಳೋದೂ ಸರಿನೇ ಅಲ್ವಾ" ಅಂದರು. ಅಷ್ಟರಲ್ಲಿ ನನ್ನ ಜೇಬಿನಿಂದ ನಾನೇ ನನಗೆ ಮತ್ತೆ ಫೋನ್ ಮಾಡಿದೆ.