ಉಸ್ಗಾಳಿಮಳದ ಗೆರೆಗಳ ಕುರಿತು ಸ್ಪಷ್ಟನೆ

ಗೋವೆಯ ಸಾಂಗೆ ತಾಲೂಕಿನ ಉಸ್ಗಾಳಿಮಳದಲ್ಲಿ ಕುಶಾವತಿ ನದಿಯ ದಡದಲ್ಲಿರುವುದು ‘ವರ್ಣಚಿತ್ರ’ವೆಂದೂ, ಅದು 40,000 ವರ್ಷ ಹಳೆಯದೆಂಬುದು ಕಾರ್ಬನ್ ಪರೀಕ್ಷೆಯಿಂದ ಸಾಬೀತಾಗಿದೆಯೆಂದೂ ಹೇಳುವ ಸಂದೇಶವೊಂದು ಮಡಗಾಂವ್, ವಾಸ್ಕೋ ಕಡೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಅಲ್ಲಿರುವುದು ಬಣ್ಣವಲ್ಲ, ಕೊರೆತ. 1993ರಲ್ಲಿ ಸಂಶೋಧಕರ ಗಮನಕ್ಕೆ ಬಂದ ಈ ಜಂಬಿಟ್ಟಿಗೆ ಹಾಸುಬಂಡೆಯ ಮೇಲೆ ಗೂಳಿ, ಜಿಂಕೆ, ಮನುಷ್ಯಾಕೃತಿಗಳ ಜೊತೆಗೆ, ಸುತ್ತಿನೊಳಗೆ ಸುತ್ತಾಗಿ ಸಾಗುವ ಚಕ್ರವ್ಯೂಹದಂಥ ರಚನೆಯೂ ಇದೆ. ಬಾಗಿ ಬೆರಳಾಡಿಸಿದರೆ ಗೆರೆಯ ತಗ್ಗು ಕೈಗೇ ತಿಳಿಯುತ್ತದೆ, ಆದರೆ ಸವೆಯುತ್ತಿರುವ ಮೃದುಕಲ್ಲಾದ್ದರಿಂದ ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಕಾರ್ಬನ್ ಪರೀಕ್ಷೆಗೆ ಒಮ್ಮೆ ಜೀವವಿದ್ದ ವಸ್ತು ಬೇಕು. ಫ್ರಾನ್ಸಿನ ಶೋವೆ ಗುಹೆಯ ಚಿತ್ರಗಳಲ್ಲಿ ಇದ್ದಿಲಿತ್ತು, ಹಾಗಾಗಿ ಅಳೆಯಲು ಸಾಧ್ಯವಾಯಿತು. ಇಂಡೋನೇಷ್ಯಾದ ಸುಲವೇಸಿ ದ್ವೀಪದ ಕಾಡುಹಂದಿಯ ಚಿತ್ರಕ್ಕೆ ಕನಿಷ್ಠ 45,500 ವರ್ಷವೆಂದು 2021ರಲ್ಲಿ ಪ್ರಕಟವಾದದ್ದು, ಅದರ ಮೇಲೆ ಕಟ್ಟಿದ ಸುಣ್ಣದ ಪದರದಲ್ಲಿನ ಯುರೇನಿಯಂ ಅಳೆದು. ಬರೀ ಕಲ್ಲಿನಲ್ಲಿ ಕೊರೆದ ಗೆರೆಯಲ್ಲಿ ಇದ್ದಿಲೂ ಇಲ್ಲ, ಬಣ್ಣವೂ ಇಲ್ಲ. ಅಂಥವುಗಳ ಕಾಲವನ್ನು ವಿದ್ವಾಂಸರು ಶೈಲಿ, ವಸ್ತು ಹಾಗೂ ಸುತ್ತಮುತ್ತ ಸಿಗುವ ಕಲ್ಲಿನ ಉಪಕರಣಗಳ ಆಧಾರದಿಂದ ಅಂದಾಜಿಸುತ್ತಾರೆ.

ಸಂದೇಶವನ್ನು ಈಗಾಗಲೇ ಹಂಚಿಕೊಂಡವರು ಅದೇ ಗುಂಪಿಗೆ ಈ ತಿದ್ದುಪಡಿಯನ್ನೂ ಕಳುಹಿಸಬೇಕಾಗಿ ವಿನಂತಿ.