ಹನಿಯುತ್ತದೆ ಅಂತ ನೀರು ಬಿಡಬೇಕಾ?

ಮೇ ತಿಂಗಳ ಕಲಬುರಗಿ. 42 ಡಿಗ್ರಿ ಬಿಸಿಲು. ಒಬ್ಬ ಹೆಂಗಸು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಒಂದು ಗುಟುಕು ನೀರು ಬಾಯಿಗೆ ಹಾಕದೆ ಕೂತಿದ್ದಾರೆ ಅಂದರೆ ಏನರ್ಥ? ಉಪವಾಸ ಅಲ್ಲ, ರೋಜಾ ಅಲ್ಲ, ಹರಕೆನೂ ಅಲ್ಲ. ಕೆಮ್ಮಿದರೆ, ಸೀನಿದರೆ, ನಕ್ಕರೆ ಅವರಿಗೆ ಮೂತ್ರ ಹನಿಯುತ್ತದೆ. ಅಷ್ಟೇ.

ಮೊನ್ನೆ ನಮ್ಮ ಬಳಗದಲ್ಲಿ ಕುಬಸದ (ಸೀಮಂತದ) ಕಾರ್ಯ ಇತ್ತು. ಸೇಡಂ ಕಡೆಯಿಂದ ಒಬ್ಬ ಕಾಕಿ ಬಸ್ಸಿಗೆ ಬಂದಿದ್ದರು. (ಯಾವ ಕಾಕಿ ಅಂತ ಕೇಳಬೇಡಿ. ನನಗೆ ಕಾಕಿಯರಿಗೇನು ಬರ ಇಲ್ಲ.) ಯಾರೋ ಚೇಷ್ಟೆ ಮಾಡಿದರು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕಾಕಿ ಮಾತ್ರ ಅರ್ಧ ನಗುವಿನಲ್ಲೇ ನಿಂತುಬಿಟ್ಟರು. ಮೊಣಕಾಲು ಕೂಡಿಸಿ ಕೂತರು, ಆಮೇಲೆ ಸೆರಗು ಸುತ್ತಿಕೊಂಡು ಗೋಡೆ ಹಿಡಿದು ಒಳಗೆ ಹೋದರು. ಹಿಂದೆ ಹೋಗಿ ಕೇಳಿದರೆ, "ಏನ್ ಮಾಡ್ಲವ್ವ, ಎಲ್ಲಿಗೆ ಬರೂದಿದ್ರೂ ಮುಂಜಾನಿಂದ ನೀರೇ ಕುಡಿಯಂಗಿಲ್ಲ ನಾ" ಅಂದರು. ಹೊರಗೆ ಕೂತವರ ತೀರ್ಪು ಏನು ಗೊತ್ತಾ? "ವಯಸ್ಸಾತು, ಇದೆಲ್ಲ ಇರೂದೇ." ತೀರ್ಪು ಕೊಟ್ಟವರು ಎಲೆ ಅಡಿಕೆ ಹಾಕಿಕೊಂಡು ಮುಂದಿನ ಮಾತಿಗೆ ಹೋದರು.

ನನ್ನ ಸಿಟ್ಟು ನಿಮಗೆ ಗೊತ್ತಿರೋದೇ. ಅಲ್ಲಿ ಬಾಯಿ ಮುಚ್ಚಿಕೊಂಡಿದ್ದೆ, ಕಾರ್ಯ ಕೆಡಬಾರದು ಅಂತ. ಇಲ್ಲಿ ಮುಚ್ಚೋದಿಲ್ಲ.

ಇರೋದೇ ಅಂದರೆ ಏನು? ಸಕ್ಕರೆ ಕಾಯಿಲೆ ಮನೆಮನೆಗೂ ಇದೆ. ಬಿಪಿ ಇದೆ. ಅವಕ್ಕೆ ಮುಂಜಾನೆ ಎದ್ದು ಗುಳಿಗೆ ನುಂಗೋದಿಲ್ವಾ? ಕಣ್ಣಿಗೆ ಪೊರೆ ಬಂದರೂ ವಯಸ್ಸಾತು ಅಂತೀವಿ, ಆದರೆ ಆಪರೇಷನ್ ಮಾಡಿಸ್ತೀವಿ. ಬಹಳ ಜನರಿಗೆ ಇರೋದು ಬೇರೆ, ಹಂಗೇ ಬಿಡಬೇಕಾದದ್ದು ಬೇರೆ. ಮೂತ್ರದ ವಿಷಯ ಬಂದ ತಕ್ಷಣ ಈ ವ್ಯತ್ಯಾಸ ಎಲ್ಲರಿಗೂ ಮರೆತುಹೋಗುತ್ತದೆ.

ಇಷ್ಟು ವರ್ಷದಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಎರಡು ಕಿಡ್ನಿ, ಎರಡು ನಾಳ, ಒಂದು ಮೂತ್ರಕೋಶ, ಕೆಳಗೊಂದು ದಾರಿ. ಚಿತ್ರ ಮುಗೀತು, ಐದು ಮಾರ್ಕು. ಇದನ್ನೆಲ್ಲ ಕೆಳಗಿನಿಂದ ಹಿಡಿದು ನಿಲ್ಲಿಸುವ ಸ್ನಾಯು ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನವರೆಗೆ ಜೋಲಿ ಕಟ್ಟಿದ ಹಾಗೆ ಇರುತ್ತದೆ ಅದು. ಪೆಲ್ವಿಕ್ ಫ್ಲೋರ್ ಅಂತಾರೆ. ಬಸಿರು, ಹೆರಿಗೆ, ಮುಟ್ಟು ನಿಲ್ಲೋದು, ಮೈ ತೂಕ, ಬಹಳ ದಿನದ ಕೆಮ್ಮು, ಮುಕ್ಕಿ ಮುಕ್ಕಿ ಸಂಡಾಸಕ್ಕೆ ಹೋಗೋದು, ತಲೆ ಮೇಲೆ ಭಾರ ಹೊರೋದು, ಇಷ್ಟರಲ್ಲಿ ಯಾವುದರಿಂದಲಾದರೂ ಅದು ಸಡಿಲ ಆಗಬಹುದು. ನಮ್ಮ ಕಡೆ ಹೆಂಗಸರಿಗೆ ಇದರಲ್ಲಿ ಯಾವುದು ತಪ್ಪಿದೆ ಹೇಳಿ. ಸಡಿಲ ಆದಮೇಲೆ ಹೊಟ್ಟೆಯ ಮೇಲೆ ಒತ್ತಡ ಬಿದ್ದಾಗೆಲ್ಲ ಹನಿ. ಕಾಕಿಯದು ನೋಡಿದರೆ ಇದೇ ಥರ.

ಇನ್ನೊಂದು ಥರ ಇದೆ. ನಳದ ಸಪ್ಪಳ ಕೇಳಿದರೆ, ಮನೆಯ ಕೀಲಿ ತೆಗೆಯುವಾಗ, ಒಮ್ಮೆಲೆ ಅವಸರ. ಬಚ್ಚಲು ಮುಟ್ಟುವಷ್ಟರಲ್ಲಿ ಆಗಿಹೋಗಿರುತ್ತದೆ. ಇಲ್ಲಿ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಎರಡೂ ಕೂಡಿ ಇರೋರೂ ಇದ್ದಾರೆ. ಗಂಡಸರಲ್ಲಿ ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರಕೋಶ ಪೂರ್ತಿ ಖಾಲಿಯಾಗದೆ, ತುಂಬಿ ತುಳುಕಿ ಹನಿಯೋದು ಮತ್ತೊಂದು. ಹಳೇ ಸಕ್ಕರೆ ಕಾಯಿಲೆ ನರಗಳಿಗೆ ಹೊಡೆದರೂ ಹೀಗೇ ಆಗಬಹುದು. ಒಂದೊಂದಕ್ಕೂ ಔಷಧ ಬೇರೆ. ಎಲ್ಲದಕ್ಕೂ ಒಂದೇ ಮದ್ದು, ನೀರು ಬಿಡೋದು, ಅಂತ ಯಾರು ಹೇಳಿದರೋ!

ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಮೂತ್ರಕೋಶ ಇನ್ನೂ ಕೆರಳುತ್ತದೆ. ಸೋಂಕು ತಗಲೋ ಸಂಭವ ಹೆಚ್ಚು. ಮಲ ಕಟ್ಟುತ್ತದೆ, ಮುಕ್ಕಬೇಕಾಗುತ್ತದೆ, ಆ ಸ್ನಾಯು ಮತ್ತಷ್ಟು ಸೋಲುತ್ತದೆ. ಕಲ್ಲು ಬೇರೆ. ನಮ್ಮ ಬಿಸಿಲಿನಲ್ಲಿ ಇದು ಹುಡುಗಾಟ ಅಲ್ಲ. ಕಡಿಮೆ ಮಾಡೋದಿದ್ದರೆ ಚಾ ಕಡಿಮೆ ಮಾಡಿ. ಅದನ್ನು ಮಾತ್ರ ಯಾರೂ ಬಿಡೋದಿಲ್ಲ. ಕಾಕಿ ನೀರು ಕುಡಿದಿರಲಿಲ್ಲ, ಆದರೆ ಚಾ ಎರಡು ಕಪ್ ಆಗಿತ್ತು. ಒಲ್ಲೆ ಅಂದರೆ ಬೀಗರು ಬೇಜಾರು ಮಾಡಿಕೊಳ್ತಾರಂತೆ.

ಈಗ ಒಂದು ಮಾತು ಹೇಳಿಬಿಡ್ತೀನಿ. ನನಗೂ ಇತ್ತು. ಎರಡನೇ ಹೆರಿಗೆ ಆದಮೇಲೆ. ಕ್ಲಾಸಿನಲ್ಲಿ ಸೀನು ಬಂದರೆ ಬೋರ್ಡಿನ ಕಡೆ ತಿರುಗಿ ಕಾಲು ಹೆಣೆದು ನಿಲ್ಲುತ್ತಿದ್ದೆ. ಮೇಡಮ್ಮಿಗೆ ಯಾವಾಗಲೂ ಕಪ್ಪು, ಕಂದು ಸೀರೆಯೇ ಯಾಕೆ ಇಷ್ಟ ಅಂತ ನನ್ನ ಹಳೇ ವಿದ್ಯಾರ್ಥಿಗಳು ಕೇಳುತ್ತಿದ್ದರಲ್ಲ, ಉತ್ತರ ಇದೇ. ತೋರಿಸಲು ಹೋದ ಮೊದಲ ದವಾಖಾನೆಯಲ್ಲಿ ಡಾಕ್ಟರು ಚೀಟಿಯಿಂದ ತಲೆ ಎತ್ತದೆ "ಇದೆಲ್ಲ ಕಾಮನ್ ಇರ್ತದಮ್ಮಾ" ಅಂದರು. ನೋಡಿ, ಓದಿದವರೂ ಅದನ್ನೇ ಹೇಳಿದರು, ಇಂಗ್ಲಿಷಿನಲ್ಲಿ.

ವಾಸಿ ಮಾಡಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಒಂದು ಗುಳಿಗೆ ಇಲ್ಲ, ಸೂಜಿ ಇಲ್ಲ. ಆರ್ನಾಲ್ಡ್ ಕೀಗಲ್ ಅನ್ನೋ ಅಮೆರಿಕದ ಸ್ತ್ರೀರೋಗ ವೈದ್ಯ 1948ರಲ್ಲೇ ಬರೆದಿಟ್ಟ ವ್ಯಾಯಾಮ. ಹೂಸು ತಡೆಯುವಾಗ, ಮೂತ್ರ ತಡೆಯುವಾಗ ಯಾವ ಸ್ನಾಯು ಬಿಗಿಯುತ್ತೀವೋ ಅದನ್ನೇ ಒಳಗೆ, ಮೇಲಕ್ಕೆ ಎಳೆದು ಹಿಡಿಯೋದು. ಶುರುವಿಗೆ ಮೂರು ನಾಲ್ಕು ಸೆಕೆಂಡು, ಬರಬರುತ್ತ ಹತ್ತು. ಅಷ್ಟೇ ಹೊತ್ತು ಸಡಿಲ ಬಿಡೋದು. ಒಂದು ಸಲಕ್ಕೆ ಕಡಿಮೆ ಅಂದರೂ 8, ದಿನಕ್ಕೆ 3 ಸಲ, 3 ತಿಂಗಳು. ಉಸಿರು ಹಿಡಿಯಬಾರದು, ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು. ಮೂತ್ರ ಮಾಡುತ್ತ ಮಾಡುತ್ತ ನಡುವೆ ನಿಲ್ಲಿಸಿ ಅಭ್ಯಾಸ ಮಾಡೋದು ಬೇಡ. ಸೀನು ಬರುತ್ತೆ ಅನ್ನಿಸಿದ ಕೂಡಲೇ ಮೊದಲೇ ಬಿಗಿದುಕೊಳ್ಳೋದು, ಇದೊಂದು ಕಲಿತರೆ ಅರ್ಧ ಗೆದ್ದ ಹಾಗೆ. ಬಸ್ಸಿನಲ್ಲಿ ಕೂತು ಮಾಡಬಹುದು, ರೊಟ್ಟಿ ಬಡಿಯುತ್ತ ಮಾಡಬಹುದು, ಸ್ಟಾಫ್ ಮೀಟಿಂಗಿನಲ್ಲಿ ಮಾಡಬಹುದು (ನಾನು ಅಲ್ಲೇ ಜಾಸ್ತಿ ಮಾಡಿದ್ದು). ಬಹಳ ಜನ ತಪ್ಪು ಸ್ನಾಯು ಬಿಗಿಯುತ್ತಾರೆ, ಅದಕ್ಕೇ ಶುರುವಿಗೆ ತಿಳಿದವರು ಬೇಕು.

ಕುಬಸದ ಹುಡುಗಿಯ ಮಡಿಲಿಗೆ ಅವತ್ತು ಏನೇನು ಬಿತ್ತು! ಸೀರೆ, ಬಳೆ, ಉತ್ತತ್ತಿ, ಕೊಬ್ಬರಿ, ಇದನ್ನ ತಿನ್ನು ಅದನ್ನ ತಿನ್ನಬೇಡ. ಬಸಿರಿನಲ್ಲೇ ಈ ವ್ಯಾಯಾಮ ಶುರುಮಾಡಿದವರಿಗೆ ಹೆರಿಗೆ ಆದಮೇಲಿನ ತಿಂಗಳುಗಳಲ್ಲಿ ಹನಿಯೋದು ಕಡಿಮೆ. ಅದನ್ನು ಹೇಳೋರು ಒಬ್ಬರೂ ಇಲ್ಲ. ಹೇಳಬೇಕಾದ ಹಿರಿಯರೆಲ್ಲ ಇರೂದೇ ಅಂದುಕೊಂಡವರೇ.

ಇಷ್ಟು ಬರೆದರೆ ಒಂದು ಕಮೆಂಟು ಗ್ಯಾರಂಟಿ ಬರುತ್ತೆ: "ಮೇಡಂ, ನಮ್ಮ ಹಳೇ ಕಾಲದ ಔಷಧ ಮರೆತಿರಾ?" ಮರೆತಿಲ್ಲಪ್ಪ. ಯೋಗದ ಮೂಲಬಂಧ, ಅಶ್ವಿನಿ ಮುದ್ರೆಯಲ್ಲಿ ಬಿಗಿಯೋದು ಹೆಚ್ಚುಕಡಿಮೆ ಇದೇ ಸ್ನಾಯು. ಮಾಡಿ, ಬೇಡ ಅಂದವರಾರು? ಅಮೆರಿಕದಲ್ಲಿ 240 ಹೆಂಗಸರಿಗೆ 12 ವಾರ ಯೋಗ ಅಥವಾ ಸಾದಾ ವ್ಯಾಯಾಮ ಮಾಡಿಸಿ ನೋಡಿದರು. 2024ರಲ್ಲಿ ಫಲಿತಾಂಶ ಬಂತು. ಯೋಗದವರಿಗೆ ಚೆನ್ನಾಗಿಯೇ ಗುಣ ಕಂಡಿತ್ತು, ಸಾದಾ ವ್ಯಾಯಾಮದವರಿಗೂ ಹೆಚ್ಚುಕಡಿಮೆ ಅಷ್ಟೇ. ಚೀನಾದಲ್ಲಿ 504 ಹೆಂಗಸರ ಮೇಲೆ ಕರೆಂಟು ಹಾಯಿಸೋ ಅಕ್ಯುಪಂಕ್ಚರ್ ನೋಡಿದಾಗ, 2017ರ ವರದಿ ಪ್ರಕಾರ, ಚುಚ್ಚಿದ ಹಾಗೆ ನಟಿಸೋ ಸುಳ್ಳು ಸೂಜಿಗಿಂತ ನಿಜವಾದ ಸೂಜಿಗೆ ಹನಿಯೋದು ಕಡಿಮೆ ಆಗಿತ್ತು. ಆಸಕ್ತಿ ಹುಟ್ಟಿಸೋ ವಿಷಯವೇ. ಆದರೆ ನಮ್ಮ ವಾಟ್ಸಾಪಿನ ವೈದ್ಯರು ಕಳಿಸೋದು ಏನು? ನೆಗ್ಗಿಲುಮುಳ್ಳಿನ ಕಷಾಯ. ಮೂತ್ರ ಸಲೀಸಾಗಿ, ಜಾಸ್ತಿ ಬರಲಿ ಅಂತ ಆಯುರ್ವೇದ ಹೇಳಿದ ಗಿಡ ಅದು! ಹನಿಯುವವರಿಗೆ ಅದನ್ನು ಕುಡಿಸೋ ಜಾಣತನಕ್ಕೆ ಏನನ್ನಬೇಕು? ಓದಿದ ಆಯುರ್ವೇದ ವೈದ್ಯರು ಹೀಗೆ ಕಣ್ಣು ಮುಚ್ಚಿ ಕೊಡೋದಿಲ್ಲ, ಕೂರಿಸಿ ನಾಲ್ಕು ಪ್ರಶ್ನೆ ಕೇಳ್ತಾರೆ.

ವ್ಯಾಯಾಮಕ್ಕೆ ಬಗ್ಗದಿದ್ದರೆ ಮುಂದೆ ದಾರಿ ಇವೆ. ಅವಸರದ ಥರಕ್ಕೆ ಮೊದಲು ತಡೆದುಕೊಳ್ಳೋ ಅಭ್ಯಾಸ. ಸ್ವಲ್ಪ ಸ್ವಲ್ಪ ಹೊತ್ತು ಮುಂದೂಡುತ್ತ, ಕನಿಷ್ಠ 6 ವಾರ. ಆಮೇಲೆ ಸೋಲಿಫೆನಾಸಿನ್, ಮಿರಾಬೆಗ್ರಾನ್‌ನಂಥ ಗುಳಿಗೆ, ಡಾಕ್ಟರು ಹೇಳಿದರೆ ಮಾತ್ರ. ಮೊದಲನೆಯದು ಬಾಯಿ ಒಣಗಿಸುತ್ತದೆ, ಮಲ ಕಟ್ಟುತ್ತದೆ. ಎರಡನೆಯದಕ್ಕೆ ಬಿಪಿ ಮೇಲೆ ಕಣ್ಣಿಡಬೇಕು. ಆಕ್ಸಿಬ್ಯುಟಿನಿನ್‌ನಂಥ ಹಳೇ ಗುಳಿಗೆ ವಯಸ್ಸಾದವರ ತಲೆಗೆ ಮಂಕು ಕವಿಸಬಹುದು. ಮೂತ್ರಕೋಶಕ್ಕೆ ಬೊಟಾಕ್ಸ್ ಚುಚ್ಚೋದೂ ಉಂಟು. ಹೌದು, ಸಿನಿಮಾದವರು ಮುಖಕ್ಕೆ ಹಾಕಿಸಿಕೊಳ್ಳೋ ಅದೇ! ಕೆಮ್ಮಿದಾಗಿನ ಥರಕ್ಕೆ ಒಳಗೆ ಇಡೋ ರಿಂಗು ಇದೆ, ಆಪರೇಷನ್ ಇದೆ. ಪ್ಲಾಸ್ಟಿಕ್ ಜಾಲರಿಯ ಪಟ್ಟಿ ಹಾಕೋ ಆಪರೇಷನ್ನಿನಿಂದ ಬಹಳ ಹೆಂಗಸರು ನೋವು ತಿಂದರು ಅಂತ ಇಂಗ್ಲೆಂಡಿನಲ್ಲಿ 2018ರಲ್ಲಿ ಅದನ್ನು ತಡೆಹಿಡಿದರು. ಹಾಗಾಗಿ ಒಪ್ಪುವ ಮೊದಲು ಏನು ಹಾಕ್ತೀರಿ ಅಂತ ಬಾಯಿಬಿಟ್ಟು ಕೇಳಿ. ಮೂತ್ರದಲ್ಲಿ ರಕ್ತ, ಜ್ವರ ಉರಿ, ಮೂತ್ರ ಪೂರ್ತಿ ಕಟ್ಟಿಕೊಂಡಿದ್ದು, ಸೊಂಟ ನೋವಿನ ಜೊತೆ ಕಾಲು ಜೋಮು ಹಿಡಿದು ದಿಢೀರ್ ಶುರುವಾಗಿದ್ದು, ಇವಕ್ಕೆ ವ್ಯಾಯಾಮ ಅಂತ ಕೂರಬೇಡಿ, ಆವತ್ತೇ ಓಡಿ.

"ಇಂಥಾದ್ದನ್ನ ಫೇಸ್‌ಬುಕ್ಕಿನಾಗ ಬರೀಬೇಕಾ ಅಕ್ಕಾ?" ಅಂತ ಕೇಳೋ ತಮ್ಮಂದಿರೂ ಇದ್ದಾರೆ. ನಿಮ್ಮ ಗ್ಯಾಸು, ಪೈಲ್ಸು, ಕೂದಲು ಉದುರೋದು ಎಲ್ಲ ಇಲ್ಲೇ ಓದಿದ್ದೀನಲ್ಲಪ್ಪ, ಇದನ್ನ ನೀವು ಓದಿ. ಮತ್ತೆ 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಫ್ರೀ ಆಗಿದೆ. ಮನೆ ಬಿಟ್ಟು ಹೊರಡೋ ಧೈರ್ಯ ಬಂದಿದೆ. ಬಸ್ಸಿಳಿದರೆ ಬಾಗಿಲು ಸರಿ ಇರೋ ಒಂದು ಸಂಡಾಸು ಸಿಕ್ಕೋದೇ ಕಷ್ಟ. ಅದರ ಬಗ್ಗೆ ಇನ್ನೊಂದು ದಿನ ಬೈಯುತ್ತೇನೆ.

ಈಗ ನಿಮಗೊಂದು ಕೆಲಸ. ಮನೆಯಲ್ಲಿ ಅವ್ವ, ಅತ್ತೆ, ಆಯಿ ಯಾರಾದರೂ ಊರಿಗೆ ಹೋಗೋ ದಿನ ನೀರು ಬಿಡುತ್ತಿದ್ದರೆ ಗಮನಿಸಿ. ಮೂರು ದಿನ ಯಾವಾಗ ಮೂತ್ರಕ್ಕೆ ಹೋದರು, ಎಷ್ಟು ಕುಡಿದರು, ಯಾವಾಗ ಹನಿಯಿತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಬರೆಯೋಕೆ ಬರದಿದ್ದರೆ ಕ್ಯಾಲೆಂಡರಿನ ಮೇಲೆ ಗೀಟು ಹಾಕಲಿ, ಸಾಕು. ತಗೊಳ್ಳೋ ಬಿಪಿ ಗುಳಿಗೆಯನ್ನೂ ಜೊತೆಗೆ ಒಯ್ಯಿರಿ. ಕೆಲವು ಬಿಪಿ ಗುಳಿಗೆಗಳೇ ಮೂತ್ರ ಹೆಚ್ಚಿಸುತ್ತವೆ. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆಯಿಂದ ಶುರುವಾಗುತ್ತದೆ, ದೊಡ್ಡ ಖರ್ಚಲ್ಲ.

ಗಂಡುಮಕ್ಕಳೇ, ಕರೆದುಕೊಂಡು ಹೋಗೋದು ನೀವೇ ಅಂತ ಗೊತ್ತು, ಥ್ಯಾಂಕ್ಸ್. ಆದರೆ ಡಾಕ್ಟರ ಮುಂದೆ ನೀವು ಕೂತಿದ್ದರೆ ನಿಮ್ಮವ್ವ ಸತ್ತರೂ ಬಾಯಿ ಬಿಡೋದಿಲ್ಲ. ಮೊಣಕಾಲು ನೋವು ಅಂತ ಹೇಳಿ ಎದ್ದು ಬರ್ತಾರೆ. ಜೊತೆಗೆ ಹೆಂಡತಿಯನ್ನೋ ಅಕ್ಕನನ್ನೋ ಕಳಿಸಿ. ನೀವು ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲ್ ನೋಡ್ತಾ ಇರಿ.